ಮೆಟ್ಟಿಲ ಬಸ್ಸಿನ ಕಂಡಕ್ಟರಮ್ಮ

ಆರು ವರ್ಷದ ಈ ಕಂಡಕ್ಟರಮ್ಮನ ಬಸ್ಸಿಗೆ ಚಕ್ರವಿಲ್ಲ, ಇಂಜಿನ್ನಿಲ್ಲ. ಇರುವುದು ಮನೆ ಮುಂದಿನ ಹನ್ನೊಂದು ಮೆಟ್ಟಿಲು ಮಾತ್ರ. ಸ್ಕೂಲಿನಿಂದ ಬಂದವಳೇ ತಾತನ ಹಳೇ ಚೀಲವನ್ನು ಕೊರಳಿಗೆ ನೇತುಹಾಕಿ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ "ರೈಟ್!" ಅಂದಳೆಂದರೆ ಗಾಡಿ ಹೊರಟಂತೆಯೇ. ಹತ್ತುವವನು ತಾತ ಒಬ್ಬನೇ. ಆದರೂ "ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆಲ್ಲಾ ಖಾಲಿ ಇದೆ" ಎಂಬ ಗದರಿಕೆಗೆ ಬಿಡುವಿಲ್ಲ. ತಾತ ಮೊಬೈಲು ತೆಗೆದನೋ, ಮುಗಿಯಿತು: "ಯಜಮಾನ್ರೇ, ಅದನ್ನ ನೋಡ್ತಾ ಕೂತ್ರೆ ಸ್ಟಾಪು ತಪ್ಪಿಹೋಗುತ್ತೆ!" ಎಂದು ಕಿತ್ತು ಚೀಲಕ್ಕೆ ಹಾಕುತ್ತಾಳೆ. ತಾತನಿಗೂ ಈಗೀಗ ತಿರುವು ಬಂದರೆ ಮೈ ವಾಲುತ್ತದೆ, ಗುಂಡಿ ಬಂದರೆ ಸೊಂಟ ಉಳುಕುತ್ತದೆ. ಇಲ್ಲದ ಕಿಟಕಿಯಿಂದ ಗಾಳಿ ಜಾಸ್ತಿ ಬರುತ್ತಿದೆಯೆಂದು ಗೊಣಗುವುದನ್ನೂ ಕಲಿತಿದ್ದಾನೆ. ಒಂದು ಸೀಟಿನ ವಿಷಯದಲ್ಲಿ ಮಾತ್ರ ಅವನ ಆಟ ನಡೆಯುವುದಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಅವಳು ಕರ್ಚೀಫು ಹಾಸಿಟ್ಟಿರುತ್ತಾಳೆ. ಮೊಣಕಾಲು ನೋವೆಂದು ತಾತ ಅಲ್ಲೇ ಕೂರಲು ಹೋದರೆ, "ಏಳಿ ಏಳಿ, ಅದು ಹಿಡಿದಿಟ್ಟಿರೋ ಸೀಟು!" ಯಾರಿಗೆಂದು ಕೇಳಿದರೆ, "ಮುಂದಿನ ಸ್ಟಾಪಲ್ಲಿ ಹತ್ತೋರಿಗೆ." ಸಂಜೆ ಆರೂವರೆಗೆ ಅಮ್ಮ ಬರುತ್ತಾಳೆ, ಆಸ್ಪತ್ರೆಯ ವಾರ್ಡಿನಲ್ಲಿ ದಿನವಿಡೀ ನಿಂತು, ಬರುವಾಗ ನಿಜವಾದ ಬಸ್ಸಿನಲ್ಲೂ ಒಂದು ಗಂಟೆ ನಿಂತು. ಕಂಡಕ್ಟರಮ್ಮ "ಹೋಲ್ಡಾನ್!" ಎಂದು ಕೂಗಿ ಗಾಡಿ ನಿಲ್ಲಿಸುತ್ತಾಳೆ, ಓಡಿ ಬಂದು ಕರ್ಚೀಫು ಕೊಡವಿ ತೆಗೆಯುತ್ತಾಳೆ: "ಕೂತ್ಕೋಮ್ಮಾ, ಈ ಬಸ್ಸಲ್ಲಿ ನಿಂಗೆ ಸೀಟಿದೆ."