ಓಟ ತಪ್ಪಿಸಿದ ಚೀಟಿ

ಸೊಲ್ಲಾಪುರದ ನಮ್ಮ ಮನೆಯ ಹಿಂದೆ ಒಂದು ಶಾಲೆಯ ಮೈದಾನವಿದೆ. ಇವತ್ತು ಬೆಳಿಗ್ಗೆ ನಾನು ಜೋಳದ ಹಿಟ್ಟು ನಾದುವಾಗ ಅಲ್ಲಿ ಸೀಟಿ ಊದಿದರು. ಓಟದ ಪರೀಕ್ಷೆ. ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವವರಿದ್ದರೆ ಗೊತ್ತಿರುತ್ತದೆ: ಮಕ್ಕಳ ಎತ್ತರ ಅಳೆಯುತ್ತಾರೆ, ತೂಕ ಮಾಡುತ್ತಾರೆ, ಬಗ್ಗಿಸಿ ಕಾಲಬೆರಳು ಮುಟ್ಟಿಸುತ್ತಾರೆ, ಕಡೆಗೆ ಮೈದಾನ ಸುತ್ತಿಸುತ್ತಾರೆ. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ನಮ್ಮ ಕಾಲದಲ್ಲಿ ಈ ಪರೀಕ್ಷೆ ಇರಲಿಲ್ಲ. ಕುರಿಗಳ ಹಿಂದೆ ಓಡುವವರನ್ನು ಇನ್ನು ಯಾರು ಓಡಿಸಬೇಕಿತ್ತು?

ನನ್ನನ್ನು ‘ಆಯಿ’ ಎನ್ನುವ ಮೊಮ್ಮಗಳು ರೇಣುಕಾ ಹುಟ್ಟಿದಾಗಿನಿಂದ ದಪ್ಪ. ನನ್ನ ತವರು ಚಪಳಗಾಂವದಲ್ಲಿ ಕುರಿಮರಿಯ ನಡು ಹಿಡಿದೆತ್ತಿ ಭಾರವಿದ್ದರೆ ಖುಷಿಪಡುತ್ತೇವೆ. ಅವಳನ್ನೂ ಹಾಗೆಯೇ ಎತ್ತಿ ಖುಷಿಪಟ್ಟಿದ್ದೆ. ಪಟ್ಟಣದ ಶಾಲೆಯಲ್ಲಿ ಲೆಕ್ಕ ತಿರುಗಾಮುರುಗಾ ಎಂದು ತಿಳಿದದ್ದು ಅವಳು ಆರನೆಯ ಇಯತ್ತೆಗೆ ಬಂದಾಗ. ಮಾಸ್ತರರು ತೂಕವನ್ನು ಕೂಗಿ ಹೇಳಿ ಬರೆಸುತ್ತಿದ್ದರು. ಗೇಟಿನ ಹೊರಗೆ ಮಕ್ಕಳನ್ನು ಕರೆದೊಯ್ಯಲು ನಿಂತ ಹೆಂಗಸರು ಇವಳ ತೂಕ ಕೇಳಿ ನಕ್ಕರು. ನಾನೂ ಅಲ್ಲೇ ನಿಂತಿದ್ದೆ. ರೇಣುಕಾ ಓಡಿದಾಗ ಇನ್ನಷ್ಟು ನಕ್ಕರು. ಅವಳು ನನ್ನ ಮೊಮ್ಮಗಳೇ ಅಲ್ಲವೇನೋ ಎಂಬಂತೆ ನಾನು ಸೆರಗು ಹೊದ್ದುಕೊಂಡು ಗೋಡೆಯ ಕಡೆ ತಿರುಗಿದೆ.

ಮರುವರ್ಷ ಪರೀಕ್ಷೆಗೆ ಮೊದಲೇ, ಓಟ ತಪ್ಪಿಸುವ ಚೀಟಿ ಬೇಕೆಂದು ನಮ್ಮ ಓಣಿಯ ಡಾಕ್ಟರರ ಬಳಿ ಹೋದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಶಾಲೆಯ ಕಾರಭಾರವೆಲ್ಲ ನನ್ನದು. ರೇಣುಕಾ ಪಕ್ಕದ ಬಾಕಿನ ಮೇಲೆ ಕೂತಿದ್ದಳು.

“ಆಜಿ, ಏನಂತ ಬರೀಲಿ?” ಎಂದರು ಡಾಕ್ಟರರು. “ದಪ್ಪ ಅದಾಳ ಅಂತ ಬರದ್ರ, ಅದಕ್ಕs ಓಡಬೇಕು ಅಂತಾನ ಮಾಸ್ತರ.”

“ಎದಿ ಅಂತ ಬರೀರಿ. ಎದಿ ಅಂದ್ರ ಯಾರೂ ಮುಂದ ಕೇಳೂದಿಲ್ಲ.”

ಬರೆದರು. ಅವಳ ಎದೆಗೆ ನಳಿಗೆ ಹಚ್ಚಿ ನೋಡಲೂ ಇಲ್ಲ. ಚೀಟಿ ಇಂಗ್ಲಿಷಿನಲ್ಲಿತ್ತು. ಮಾಸ್ತರರು ಓದಿ, ಹುಡುಗಿಯ ಬೆನ್ನು ತಟ್ಟಿ, ಬೇವಿನ ಮರದ ಕೆಳಗೆ ಕೂರಿಸಿದರು. ಅವತ್ತಿನಿಂದ ಓಟವಷ್ಟೇ ಅಲ್ಲ, ಲೇಝಿಮ್ ಕುಣಿತವೂ ನಿಂತುಹೋಯಿತು. ಉಳಿದ ಹುಡುಗಿಯರು ಝಣ್ ಝಣ್ ಎಂದು ಕುಣಿಯುವಾಗ ಇವಳು ಅವರ ಚಪ್ಪಲಿ ಕಾಯುತ್ತಿದ್ದಳು. ನನಗೆ ನೆಮ್ಮದಿಯೇ ಆಯಿತು. ಸುಳ್ಳು ಏಕೆ ಹೇಳಲಿ?

ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದಳು. ಮೈಭಾರವೆಂದುಕೊಂಡೆ. ತನ್ನ ಮಣಿಸರದ ಡಬ್ಬಿಯನ್ನು ಗೆಳತಿಗೆ ಕೊಟ್ಟುಬಿಟ್ಟಳು. ಧಾರಾಳ ಹುಡುಗಿ ಎಂದುಕೊಂಡೆ. ನನ್ನ ತಲೆ ಇಷ್ಟೇ ಓಡುವುದು.

ದೀಪಾವಳಿ ರಜೆಗೆ ಚಪಳಗಾಂವಕ್ಕೆ ಹೋಗಿದ್ದೆವು. ನನ್ನ ತಮ್ಮನ ಹಟ್ಟಿಯಿಂದ ಒಂದು ಮರಿ ತಪ್ಪಿಸಿಕೊಂಡು ಓಡಿತು.

“ಹಿಡಿಯs ರೇಣಿ!” ಎಂದೆ.

ಅವಳು ನಿಂತಲ್ಲೇ ನಿಂತಳು. “ನಾ ಓಡಬಾರದು, ಆಯಿ. ನನ್ನ ಎದಿ ಖರಾಬ್ ಐತಿ. ಓಡಿದ್ರ ಸಾಯ್ತೀನಿ.”

ನಾನು ನಕ್ಕೆ. “ಹುಚ್ಚಿ, ಎದಿಗೆ ಏನೂ ಆಗಿಲ್ಲ. ಅದು ಸುಮ್ಮನ ಬರಸಿದ್ದು.”

ಅವಳು ನಗಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು: “ಹಂಗಾರ ಯಾಕ ಬರಸಿದಿ?”

ಮರಿಯ ಹಿಂದೆ ನಾನೇ ಹೋದೆ.

ರಜೆ ಮುಗಿದ ಮೇಲೆ, “ನಾನೂ ಓಡತೀನಿ, ಚೀಟಿ ವಾಪಸ್ ತಗೋ” ಎಂದು ಗಂಟುಬಿದ್ದಳು. ರೋಗವಿದೆ ಎಂದು ಬರೆಸಲು ಐದು ನಿಮಿಷ ಸಾಕಾಗಿತ್ತು. ಇಲ್ಲವೆಂದು ಬರೆಯಲು ಡಾಕ್ಟರರು ಒಪ್ಪಲೊಲ್ಲರು. “ಆಗ ಖರಾಬ್ ಅಂತ ಬರದು ಈಗ ಛಲೋ ಅಂತ ಬರದ್ರ ನನ್ನ ಮಾನ ಹೋಗ್ತದ, ಆಜಿ” ಎಂದರು. ಮಾನ ಅವರಿಗಷ್ಟೇ ಇರುವುದೇ? ಆದರೂ ಶಾಲೆಗೆ ಹೋಗಿ, ಚೀಟಿ ಸುಳ್ಳೆಂದು ಮಾಸ್ತರರ ಕಿವಿಯಲ್ಲಿ ಹೇಳಿದೆ. ಅವರು ಮರಾಠಿಯವರು. “ಲಿಹೂನ್ ದ್ಯಾ, ಆಜಿ” ಎಂದು ಕಾಗದ ಮುಂದೆ ಸರಿಸಿದರು. ಬರೆದು ಕೊಡಬೇಕಂತೆ.

ನನಗೆ ಬರೆಯಲು ಬರುವುದು ಕನ್ನಡವೊಂದೇ. ಒಳಗೊಳಗೇ ಹಿಗ್ಗಿದೆ. ಈ ಮರಾಠಿ ಶಾಲೆಯಲ್ಲಿ ಇದನ್ನು ಓದುವವರು ಯಾರು? ಫೈಲಿಗೆ ಸೇರಿತೆಂದರೆ ಮುಗಿಯಿತು. ಓದುವವರಿಲ್ಲದ ಕಡೆ ಸತ್ಯ ಬರೆಯುವುದು ಬಹಳ ಸುಲಭ, ಒಮ್ಮೆ ಮಾಡಿ ನೋಡಿ. ಅಡ್ಡಾದಿಡ್ಡಿ ಅಕ್ಷರದಲ್ಲಿ ಇದ್ದದ್ದನ್ನೆಲ್ಲ ಬರೆದೆ.

ಮಾಸ್ತರರು ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಆಮೇಲೆ ಶಾಲೆಯ ಮಕ್ಕಳಿಗೆ ಖಿಚಡಿ ಬೇಯಿಸುವ ಕಾಶಿಬಾಯಿಯನ್ನು ಕೂಗಿದರು. ಕುಂಭಾರಿ ಊರಿನವಳು, ಕನ್ನಡ ಶಾಲೆಯಲ್ಲಿ ಕಲಿತವಳಂತೆ. ನನಗೇನು ಗೊತ್ತು? ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಓಟಕ್ಕೆ ಸಾಲಾಗಿ ನಿಂತ ಹುಡುಗಿಯರ ಎದುರು ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು:

“ಹುಡುಗಿಗೆ ಯಾವ ರೋಗವೂ ಇಲ್ಲ. ಆಕೆ ಓಡಿದರೆ ಜನ ನಗುತ್ತಾರೆ. ಆಕೆಯ ಆಯಿ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ಅದಕ್ಕೆ ಬರೆಸಿದೆ.”

ಆ ಹುಡುಗಿಯರಲ್ಲಿ ಅರ್ಧ ಜನರ ಮನೆಮಾತು ಕನ್ನಡವೇ. ರೇಣುಕಾ ಆ ಸಾಲಿನ ತುದಿಯಲ್ಲಿದ್ದಳು. ಚಪಳಗಾಂವದಲ್ಲಿ ಅವಳು ಕೇಳಿದ್ದಕ್ಕೆ ಉತ್ತರ ಹೀಗೆ ಬೇರೆಯವರ ಬಾಯಿಂದ ಸಿಕ್ಕಿತು. ಕಾಶಿಬಾಯಿ ಕಾಗದ ಮಡಚಿ ಹೇಳಿದಳು: “ಅಕ್ಷರ ಛಂದ ಅದಾವ ನೋಡ್ರಿ, ಅವ್ವಾರ.”

ಅವತ್ತೇ ರೇಣುಕಾ ಓಡಿದಳು. ಅರ್ಧ ಓಡಿದಳು, ಅರ್ಧ ನಡೆದಳು, ಎಲ್ಲರಿಗಿಂತ ಕಡೆಗೆ ಬಂದಳು. ಯಾರೂ ನಗಲಿಲ್ಲವೆಂದು ಬರೆಯಲಾರೆ, ನಕ್ಕರು. ನಾನು ಗೋಡೆಯ ಕಡೆ ತಿರುಗಲಿಲ್ಲ, ಅಷ್ಟೇ. ಅವಳು ಮುಗಿಸಿ ಬಂದವಳು ನನ್ನನ್ನು ದಾಟಿ ನೀರು ಕುಡಿಯಲು ಹೋದಳು. ನಾಲ್ಕು ದಿನ ತಾನೇ ಬಡಿಸಿಕೊಂಡು ಉಂಡಳು. ಐದನೆಯ ದಿನ ಶೇಂಗಾ ಚಟ್ನಿ ಬೇಕೆಂದಳು. ಆ ವಿಷಯವನ್ನು ಅವಳೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಕಾಲೇಜಿಗೆ ಹೋಗುತ್ತಾಳೆ. ಈಗಲೂ ದಪ್ಪಗೇ ಇದ್ದಾಳೆ. ಕಬಡ್ಡಿ ತಂಡಕ್ಕೆ ಹೆಸರು ಕೊಟ್ಟಿದ್ದಾಳೆ, ತೆಗೆದುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ಅದಕ್ಕೆ ಡಾಕ್ಟರರ ತಪಾಸಣೆ ಆಗಬೇಕಂತೆ. ಇವತ್ತು ಉಂಡು ಹೊರಟಾಗ, “ತಡಿ, ನಾನೂ ಬರ್ತೀನಿ” ಎಂದೆ.

“ಬ್ಯಾಡ. ನೀ ಕುಂದ್ರು” ಎಂದು ಒಬ್ಬಳೇ ಹೋದಳು. ನಮ್ಮ ಓಣಿಯ ಡಾಕ್ಟರರ ಬಳಿಗಲ್ಲ, ದೊಡ್ಡ ದವಾಖಾನೆಗೆ. ಸಂಜೆ ಬಂದು ಕೈಕಾಲು ತೊಳೆದುಕೊಂಡಳು.

“ಏನಂದ್ರು?”

“ಎದಿ ಛಲೋ ಐತಂತ.”

“ನಾ ಅವತ್ತs ಹೇಳಿದ್ನಲ್ಲ.”

“ಹೂಂ, ನೀ ಹೇಳಿದ್ದಿ,” ಎಂದಳು ಮುಖ ಒರೆಸಿಕೊಳ್ಳುತ್ತ. “ಅದಕ್ಕs ಹೋಗಿ ಕೇಳಿಕೊಂಡು ಬಂದೆ.”