ಒಂದೇ ಟಾರ್ಪಾಲಿನ ಕೆಳಗಿನ ಕಾಫಿ

ಊರಿನವರು ಅವರನ್ನು ಪೊಲೀಸಕ್ಕ ಎನ್ನುತ್ತಾರೆ. ಎದುರಿಗೇ ಹಾಗೆ ಕರೆಯುತ್ತಾರೆ, ಅವರೂ ಓಗೊಡುತ್ತಾರೆ. ಅವರು ಕಾಫಿ ಬೆಳೆಗಾರ್ತಿ. ಸಣ್ಣ ತೋಟದವರು ಸೇರಿ ಕಟ್ಟಿಕೊಂಡ ಗುಂಪಿನ ತಪಾಸಣೆಗಾರ್ತಿ ಕೂಡ. ಗುಂಪಿನ ಕಾಫಿ ಚೀಲಕ್ಕೆ ಹಸಿರು ಮುದ್ರೆ ಬೀಳುತ್ತದೆ. ಈ ಕಾಫಿಗಾಗಿ ನೆರಳಿನ ಮರ ಕಡಿದಿಲ್ಲ, ಕಳೆನಾಶಕ ಹೊಡೆದಿಲ್ಲ, ಹಣ್ಣು ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟಿಲ್ಲ, ಹೆಣ್ಣಾಳಿಗೆ ಕಡಿಮೆ ಕೂಲಿ ಕೊಟ್ಟಿಲ್ಲ ಎಂದು ಅದರ ಅರ್ಥ. ಹೊರಗಿನ ಪರೀಕ್ಷಕರು ವರ್ಷಕ್ಕೊಮ್ಮೆ ಬಂದುಹೋಗುತ್ತಾರೆ. ಉಳಿದ ದಿನಗಳಲ್ಲಿ ಕಣ್ಣಿಡಬೇಕಾದವರು ಪೊಲೀಸಕ್ಕ. ಒಬ್ಬರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುದ್ರೆ ಎಲ್ಲರ ಕೈಯಿಂದಲೂ ಹೋಗುತ್ತದೆ.

ಅವರು ಬೇಲಿ ದಾಟಿದರೆ ಸಾಕು, ಯಾರಾದರೂ ಕೂಗುತ್ತಾರೆ: “ಪೊಲೀಸಕ್ಕ ಬಂದ್ರು, ಹುಲ್ಲೆಲ್ಲ ನೆಟ್ಟಗೆ ನಿಂತ್ಕೊಳ್ರಪ್ಪಾ!” ಅವರು ನಗುತ್ತಲೇ, ಕಳೆನಾಶಕಕ್ಕೆ ಸುಟ್ಟಿದೆಯೇ ಎಂದು ಬಗ್ಗಿ ಹುಲ್ಲಿನ ಬುಡ ನೋಡುತ್ತಾರೆ. ನಗು ಬೇರೆ, ನೋಟ ಬೇರೆ.

ನಿಯಮಗಳಲ್ಲಿ ಎಲ್ಲರೂ ಗೊಣಗುವುದು ಒಂದಕ್ಕೆ. ಮುದ್ರೆಯ ಕಾಫಿ ಗಿಡದಿಂದ ಚೀಲದವರೆಗೆ ಬೇರೆ ಕಾಫಿಯೊಂದಿಗೆ ಬೆರೆಯಬಾರದು. ಬೆರೆತರೆ ಅಷ್ಟೂ ಮುದ್ರೆಯಿಲ್ಲದ ಸಾಲಿಗೆ, ಕಡಿಮೆ ಬೆಲೆಗೆ. ಹಿಂದಿನ ಸುಗ್ಗಿಯಲ್ಲಿ ಗುಂಪಿನವನೇ ಆದ ಒಬ್ಬ ಬಡಗಿ ತನ್ನ ತೋಟದ ಕಾಫಿಯನ್ನು ಗುಂಪಿಗೆ ಸೇರದ ಮಾವನ ಕಣದಲ್ಲಿ ಒಣಗಿಸಿದ್ದ. ಮೂಲೆಯಲ್ಲಿ ಮಾವನ ಕಾಳು ಉಳಿದಿದ್ದವು. ಪೊಲೀಸಕ್ಕ ಅವನ ಚೀಲಗಳನ್ನೆಲ್ಲ ಆಚೆ ಸಾಲಿಗೆ ಕಳಿಸಿದರು. ಅವನು ಮಳೆಗಾಲ ಮುಗಿಯುವವರೆಗೂ ಮುಖ ತಿರುಗಿಸಿಕೊಂಡೇ ಓಡಾಡಿದ.

ಪೊಲೀಸಕ್ಕನ ಮನೆಯ ಮುಂದಿನ ಸಿಮೆಂಟಿನ ಕಣ ಎರಡು ಮನೆಗೆ ಸೇರಿದ್ದು. ಅರ್ಧ ಇವರದು, ಅರ್ಧ ಗಂಡನ ಅಣ್ಣನದು. ಭಾವ ಗುಂಪಿಗೆ ಸೇರಿದವರಲ್ಲ. ಬೆನ್ನುನೋವಿನ ಮನುಷ್ಯ, ಕಳೆ ಕೀಳಲು ಬಗ್ಗಲಾರರು, ಔಷಧಿ ಹೊಡೆಯುತ್ತಾರೆ. ಅದನ್ನು ಮುಚ್ಚಿಟ್ಟವರೂ ಅಲ್ಲ. ಎರಡು ಕಾಫಿಯ ನಡುವೆ ಒಂದು ಹಗ್ಗ, ಹಗ್ಗದ ಎರಡೂ ಬದಿಗೆ ಕಾಲಿಡುವಷ್ಟು ಖಾಲಿ ಜಾಗ.

ಈ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿಯಿತು. ಪೊಲೀಸಕ್ಕ ಯಾರದೋ ತೋಟದ ಹಳ್ಳದ ಬದಿಯಲ್ಲಿದ್ದರು, ಗಂಡ ಪೇಟೆಗೆ ಹೋಗಿದ್ದ. ಓಡೋಡಿ ಬರುವಷ್ಟರಲ್ಲಿ ಮಳೆ ಸುರಿದು ನಿಂತಿತ್ತು. ಕಣದ ನಡುವೆ ಟಾರ್ಪಾಲು ಹೊದ್ದ ಒಂದೇ ರಾಶಿ. ಪಕ್ಕದಲ್ಲಿ ಭಾವ ಸೊಂಟ ಹಿಡಿದುಕೊಂಡು ಕೂತಿದ್ದರು, ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು.

“ಒಂದು ಕಾಳೂ ನೆನೆದಿಲ್ಲ ನೋಡಮ್ಮ. ನಿಂದೂ, ನಂದೂ.”

ಪೊಲೀಸಕ್ಕ ಟಾರ್ಪಾಲಿನ ಅಂಚು ಎತ್ತಿ ನೋಡಿದರು. ನೆನೆದಿದ್ದರೆ ಬೂಸ್ಟು ಹಿಡಿಯುತ್ತಿತ್ತು, ಉಳಿಸಿದ್ದಾರೆ ನಿಜ.

“ಭಾವ, ಎರಡೂ ಬೆರೆತುಹೋಯ್ತಲ್ಲ.”

“ಇನ್ನೇನು ಮಾಡ್ಲಿ? ಇರೋದು ಒಂದು ಟಾರ್ಪಾಲು, ಎರಡು ಕೈ.”

“ಇದಕ್ಕಿನ್ನು ಮುದ್ರೆ ಇಲ್ಲ.”

ಭಾವನ ಮುಖ ಕೆಂಪಾಯಿತು. “ಓಹೋ, ನನ್ನ ಕಾಳು ಮುಟ್ಟಿದ್ರೆ ನಿನ್ನ ಕಾಳಿಗೆ ಮೈಲಿಗೆನಾ?” ಎಂದವರೇ ಎದ್ದು ಪಕ್ಕದ ತಮ್ಮ ಮನೆಯೊಳಗೆ ಹೋದರು.

ಸಂಜೆ ಗಂಡನದು ಬೇರೆ ವರಸೆ. “ನೋಡಿದವ್ರು ಯಾರು? ಅಣ್ಣ, ನೀನು, ನಾನು. ರಾಶೀನ ಅರ್ಧ ಮಾಡಿದ್ರೆ ಮುಗೀತು. ಕಾಳಿನ ಹಣೆ ಮೇಲೆ ಬರ್ದಿರುತ್ತಾ?”

“ಬಡಗಿ ಕಾಳಿನ ಹಣೆ ಮೇಲೂ ಬರ್ದಿರ್ಲಿಲ್ಲ.”

“ಅವನ ಮಾತು ಯಾಕೀಗ? ಮನೆಯವ್ರ ಮೇಲೆ ನಿನ್ನ ಪೊಲೀಸ್ ಕೆಲ್ಸ ಬೇಡ.”

“ಮನೆಯವ್ರನ್ನ ಬಿಟ್ಟು ಊರಿನವ್ರ ಮೇಲೆ ಮಾಡ್ಲಾ?”

ಗಂಡ ತಟ್ಟೆ ತಳ್ಳಿ ಎದ್ದ.

ಕಾಫಿ ಒಣಗಿದ ಮೇಲೆ, ತೂಕದ ದಿನ, ಪೊಲೀಸಕ್ಕ ತಮ್ಮ ಪಾಲಿನ ಚೀಲಗಳನ್ನು ಊರಿನ ಕಾಫಿಯೆಲ್ಲ ತೂಗುವ ಗೋದಾಮಿನ ಎಡಗಡೆ, ಮುದ್ರೆಯಿಲ್ಲದ ಸಾಲಿನಲ್ಲಿ ಇಳಿಸಿದರು. ಬಲಗಡೆ ಸಾಲಿನಲ್ಲಿದ್ದವರು ಮಾತು ನಿಲ್ಲಿಸಿ ನೋಡಿದರು. ಮೊದಲು ಬಾಯಿ ಬಿಟ್ಟವನು ಬಡಗಿ.

“ಏನಕ್ಕಾ, ಪೊಲೀಸರೇ ಲಾಕಪ್ಪಿಗೆ ಬಂದ್ರಿ?”

“ಕಣದಲ್ಲಿ ಬೆರೆತುಹೋಯ್ತಪ್ಪ.”

“ಬೆರೆಸಿದ್ಯಾರು?”

ಅವರು ಬಗ್ಗಿ ಚೀಲದ ಬಾಯಿ ಬಿಗಿದರು. ಅದೇ ಸಾಲಿನಲ್ಲಿ, ಸ್ವಲ್ಪ ಮುಂದೆ, ಭಾವ ತಮ್ಮ ಚೀಲಗಳೊಂದಿಗೆ ನಿಂತಿದ್ದರು. ತಿರುಗದೆಯೇ ಅಂದರು: “ನಾನೇ. ಮಳೆ ಬರ್ತಿತ್ತು.”

ಬಡಗಿ ಎಡಗಡೆಗೆ ದಾಟಿ ಬಂದ. “ನಾನಾಗಿದ್ರೂ ಅಷ್ಟೇ ಮಾಡ್ತಿದ್ದೆ” ಎಂದು ಪೊಲೀಸಕ್ಕನ ಚೀಲದ ಇನ್ನೊಂದು ತುದಿ ಹಿಡಿದು ತಕ್ಕಡಿಗೆ ಎತ್ತಿದ. ಹಾಗೆಂದು ಹಿಂದಿನ ವರ್ಷದ್ದನ್ನು ಮರೆತಂತೆ ಕಾಣಲಿಲ್ಲ. ಆದರೆ ಗುಂಪಿನಲ್ಲಿ ಇನ್ನು ಯಾರೂ ಅವರ ತೀರ್ಪನ್ನು ಪಕ್ಷಪಾತ ಎನ್ನಲಾರರು.

ಇನ್ನೊಂದು ಕೊಯ್ಲು ಬಾಕಿಯಿತ್ತು. ಪೊಲೀಸಕ್ಕ ಎರಡನೆಯ ಟಾರ್ಪಾಲು ತಂದು ಭಾವನ ಕೈಗಿಟ್ಟರು. “ನಾವಿಲ್ದಾಗ ಮಳೆ ಬಂದ್ರೆ ಬೇರೆಬೇರೆ ಮುಚ್ಚಿ, ಭಾವ.”

“ಒಂದನ್ನ ಮುಚ್ಚೋಕಷ್ಟೇ ಹೊತ್ತಿದ್ರೆ?”

“ನಿಮ್ಮದನ್ನ ಮುಚ್ಚಿ.”

“ನಿಂದು ನೆನೆಯೋದನ್ನ ನೋಡ್ತಾ ನಿಂತಿರ್ಬೇಕಾ?”

“ಹೂಂ.”

ಭಾವ ಟಾರ್ಪಾಲನ್ನು ಮಡಿಸಿದ ಹಾಗೆಯೇ ವಾಪಸು ಕೊಟ್ಟರು. “ಅದು ನನ್ನ ಕೈಲಾಗಲ್ಲಮ್ಮ.” ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಪೊಲೀಸಕ್ಕನಿಗೂ ಅದು ಗೊತ್ತಿತ್ತು.

ಕೊನೆಯ ಕೊಯ್ಲಿನ ಕಾಫಿಯನ್ನು ಅವರು ಮನೆಯ ಹಿಂದಿನ ಅಂಗಳದಲ್ಲಿ ಹರವಿದರು. ಅಲ್ಲಿ ಬಿಸಿಲು ಬೇಗ ಸರಿಯುತ್ತದೆ, ಕಾಳು ಒಣಗುವುದು ನಿಧಾನ. ಮೋಡ ಕಂಡರೆ ತಾವೇ ಓಡಬೇಕು. ಭಾವನ ಬಾಗಿಲಿನಿಂದ ಆ ಅಂಗಳ ಕಾಣುವುದಿಲ್ಲ.