ಹನ್ನೊಂದನೆಯ ದಿನ ಹರಿದ ನಾರು

೧೯೩೮ರಲ್ಲಿ ನಾನು ಚಿಂಚೋಳಿ ತಾಲ್ಲೂಕಿನ ಕೊಡ್ಲಿ ಹತ್ತಿರದ ಒಂದು ಮಿಶನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಶಹಾಬಾದಿನ ಫರ್ಸಿಕಲ್ಲು ಹೊದಿಸಿದ ಎರಡು ಕೋಣೆ, ಮುಂದೊಂದು ಪಡಸಾಲೆ, ಅಷ್ಟೇ ದವಾಖಾನೆ. ಡಾಕ್ಟರಮ್ಮ ತಿಂಗಳಿಗೊಮ್ಮೆ ವಾಡಿಯಲ್ಲಿ ರೈಲು ಇಳಿದು ಎತ್ತಿನ ಗಾಡಿಯಲ್ಲಿ ಬಂದು, ಎರಡು ದಿನವಿದ್ದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಔಷಧಿ ಕಲಸುವುದು, ಗಾಯ ಕಟ್ಟುವುದು, ಜನರಿಂದ ಬೈಸಿಕೊಳ್ಳುವುದು ಎಲ್ಲ ನನ್ನ ಪಾಲಿಗೆ. ಕೊಯ್ಯುವ ಕತ್ತಿ ಹಿಡಿಯಲು ಮಾತ್ರ ಅನುಮತಿ ಇರಲಿಲ್ಲ.

ಬೆಳಗ್ಗೆ ಮೊದಲು ಪ್ರಾರ್ಥನೆ, ಆಮೇಲೆ ಔಷಧಿ ಎಂಬುದು ಅಲ್ಲಿಯ ಕಟ್ಟಳೆ. ಪ್ರಾರ್ಥನೆ ಹೇಳುವವನೂ ನಾನೇ. ಹಿಂದಿನ ಬೇಸಿಗೆಯಲ್ಲಿ ನನ್ನ ಆರು ವರ್ಷದ ಮಗಳು ರೂತ್ ಟೈಫಾಯ್ಡಿನಲ್ಲಿ ಹತ್ತೊಂಬತ್ತು ದಿನ ಮಲಗಿ ತೀರಿಕೊಂಡಿದ್ದಳು. ಅಷ್ಟೂ ದಿನ ನಾನು ಮೊಣಕಾಲೂರಿ ಬೇಡಿದ್ದೆ. ಮಣ್ಣು ಮಾಡಿ ಬಂದ ಸಂಜೆ ನಮ್ಮ ಪಾಸ್ಟರ್, "ನಿನ್ನ ವಿಶ್ವಾಸದಾಗ ಏನೋ ಕೊರತಿ ಇತ್ತು, ತಮ್ಮಾ," ಎಂದರು. ಅವರ ಕಪಾಳಕ್ಕೆ ಬಾರಿಸದೆ ಮನೆಗೆ ಬಂದದ್ದೇ ದೊಡ್ಡದು. ಅಲ್ಲಿಂದ ನನಗೂ ದೇವರಿಗೂ ಮಾತು ಬಿಟ್ಟಿತ್ತು. ಪಡಸಾಲೆಯ ಪ್ರಾರ್ಥನೆಯನ್ನು ಮಾತ್ರ ನಡೆಸುತ್ತಿದ್ದೆ, ಸಂಬಳದ ಕೆಲಸಗಳಲ್ಲಿ ಅದೂ ಒಂದು ಎಂದು.

ಆ ಸೀಮೆಯಲ್ಲಿ ನಾರುಹುಣ್ಣು ಮನೆಮನೆಯ ರೋಗ. ಮೆಟ್ಟಿಲು ಬಾವಿಯ ನೀರಿನ ಜೊತೆ ಹುಳದ ಮರಿ ಹೊಟ್ಟೆಗೆ ಹೋಗುತ್ತದೆ. ವರ್ಷ ಕಳೆದ ಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಬಿಳಿ ದಾರದಂಥ ತುದಿ ಹೊರಗೆ ಕಾಣುತ್ತದೆ. ಅದನ್ನು ಒಂದು ಸಣ್ಣ ಕಡ್ಡಿಗೆ ಸಿಕ್ಕಿಸಿ, ಒದ್ದೆ ಬಟ್ಟೆ ಕಟ್ಟಿ, ದಿನಕ್ಕೆ ಒಂದಂಗುಲ ಒಂದೂವರೆ ಅಂಗುಲ ಸುತ್ತಬೇಕು. ಪೂರಾ ಹುಳ ಎರಡು ಮೂರು ಅಡಿ ಉದ್ದವಿರುತ್ತದೆ. ಅವಸರ ಮಾಡಿ ಎಳೆದರೆ ಹರಿಯುತ್ತದೆ, ಹರಿದರೆ ಒಳಗಿನ ತುಂಡು ಕೊಳೆತು ಕಾಲು ಕೀವಾಗುತ್ತದೆ. ಔಷಧಿ ಇಲ್ಲದ ಈ ರೋಗಕ್ಕೆ ಸಾವಕಾಶದ ಕೈ ಒಂದೇ ಉಪಾಯ.

ಬೇಸಿಗೆಯ ಒಂದು ಬೆಳಗ್ಗೆ ಪಕ್ಕದ ಹಳ್ಳಿಯ ಸರಕಾರಿ ಶಾಲೆಯ ಮಾಸ್ತರು ಗಾಡಿಯಲ್ಲಿ ಬಂದರು. ವೈಷ್ಣವರು, ಮೂವತ್ತು ವರ್ಷ ಪಾಠ ಹೇಳಿದವರು, ವಜೀಫಾ, ಅಂದರೆ ಪಿಂಚಣಿ, ಸಿಗಲು ಇನ್ನು ಎರಡೇ ವರ್ಷವಿತ್ತು. ಕಾಲು ಹೋದರೆ ನೌಕರಿಯೂ ಹೋಗುತ್ತದೆ, ಆ ವಜೀಫಾವೂ ಹೋಗುತ್ತದೆ. ಅವರ ಶಾಲೆಯ ಮಕ್ಕಳ ಎರಡು ಮನೆಯವರು ನಮ್ಮ ಕ್ರೈಸ್ತ ಸಭೆಗೆ ಸೇರಿದ್ದರಿಂದ ನಮ್ಮ ಮೇಲೆ ಅವರಿಗೆ ಕಡುಕೋಪ. ಎಡ ಹಿಮ್ಮಡಿಯ ಮೇಲೆ ನಾರು ಮುಖ ತೋರಿಸಿತ್ತು. ಬರುವಾಗ ತಮ್ಮದೇ ನೀರಿನ ತಂಬಿಗೆ, ತಮ್ಮದೇ ಬಟ್ಟೆ ತಂದಿದ್ದರು. ಪಡಸಾಲೆ ಹತ್ತಲೇ ಇಲ್ಲ.

"ನಿನ್ನ ಭಜನಿ ಮುಗೀಲಿ, ಆಮ್ಯಾಲ ಬರ್ತೀನಿ. ಗುಳಿಗಿ ಕೊಟ್ಟು ಮಂದೀನ ಕೊಳ್ಳಾಕತ್ತೀರಿ ನೀವು. ನಾ ಮಾರಿಕೊಳ್ಳೋ ಪೈಕಿ ಅಲ್ಲ," ಎಂದರು.

ಹತ್ತು ದಿನವೂ ಇದೇ ನಡೆಯಿತು. ಪ್ರಾರ್ಥನೆ ಮುಗಿಯುವ ತನಕ ಗಾಡಿಯಲ್ಲಿ ಕೂತಿರುವುದು, ಆಮೇಲೆ ಕುಂಟುತ್ತ ಬಂದು ಕಾಲು ಚಾಚುವುದು, ನಾನು ಕಡ್ಡಿ ಸುತ್ತುವ ತನಕ ನನ್ನ ಮತವನ್ನೂ ಮನೆತನವನ್ನೂ ಜಾಲಾಡುವುದು. ನಾನೂ ಹಲ್ಲು ಕಚ್ಚಿ ಸುತ್ತುತ್ತಿದ್ದೆ. ಹದಿಮೂರು ಅಂಗುಲ ಹೊರಗೆ ಬಂದಿತ್ತು.

ಹನ್ನೊಂದನೆಯ ದಿನ ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಇಷ್ಟು ಮಂದಿಗೆ ದೇವ್ರು ಕಾಪಾಡ್ತಾನ ಅಂತ ಹೇಳ್ತಿಯಲ್ಲ, ನಿನ್ನ ಮಗಳನ್ನ ಯಾಕ ಕಾಪಾಡಲಿಲ್ಲ?"

ವರ್ಷವಿಡೀ ನಾನು ನನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು. ನನ್ನ ಕೈ ಎಳೆಯಿತು. ತಪ್ಪಿ ಎಳೆಯಲಿಲ್ಲ, ಅವರಿಗೆ ನೋವಾಗಲಿ ಎಂದೇ ಎಳೆಯಿತು. ನಾರು ಹರಿದು ಉಳಿದ ಭಾಗ ಸರ್ರನೆ ಒಳಗೆ ಸರಿಯಿತು. ಮಾಸ್ತರು ತುಟಿ ಕಚ್ಚಿ ನನ್ನನ್ನೇ ನೋಡಿದರು.

"ಹುಳ ಸತ್ತಿತ್ತು, ತಾನಾಗೇ ಹರೀತು," ಎಂದು ಹೇಳಿ ಪಟ್ಟಿ ಕಟ್ಟಿ ಕಳಿಸಿದೆ.

ಅದಾದ ನಾಲ್ಕನೆಯ ದಿನ ಅವರು ಬರಲಿಲ್ಲ. ಕಾಲು ಮೊಣಕಾಲಿನ ತನಕ ಬಾತಿದೆ, ಜ್ವರದಲ್ಲಿ ಬಡಬಡಿಸುತ್ತಿದ್ದಾರೆ ಎಂದು ಗಾಡಿಯವನು ಹೇಳಿದ. ಡಾಕ್ಟರಮ್ಮ ಬರಲು ಇನ್ನೂ ಹನ್ನೆರಡು ದಿನವಿತ್ತು. ವಾಡಿಯ ತನಕ ಗಾಡಿಯಲ್ಲಿ ಒಯ್ದರೆ ದಾರಿಯಲ್ಲೇ ಮುಗಿಯುವ ಸ್ಥಿತಿ. ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೊಣಕಾಲೂರಿದೆ. ಬಾಯಿಪಾಠದ ಸಾಲನ್ನೂ ಹೇಳಲಾಗದೆ ಎದ್ದೆ. ಹೆಂಡತಿ ಸುಗುಣಾಳಿಗೆ ನಡೆದದ್ದನ್ನು ಹೇಳಿಬಿಟ್ಟೆ. ಅವಳು ಸಮಾಧಾನವನ್ನೇನೂ ಹೇಳಲಿಲ್ಲ.

"ದೇವ್ರ ಸಂಗಟ ಆಮ್ಯಾಲ ಮಾತಾಡ್ರಿ. ಮೊದಲ ಮಾಸ್ತರ್ ಸಂಗಟ ಮಾತಾಡಿ ಬರ್ರಿ," ಎಂದಳು.

ಡಾಕ್ಟರಮ್ಮನ ಕತ್ತಿಯನ್ನು ಕುದಿಸಿ ಚೀಲಕ್ಕೆ ಹಾಕಿಕೊಂಡು ಮಾಸ್ತರ ಮನೆಗೆ ಹೋದೆ. ಅವರ ಮನೆಯವರು ನನ್ನನ್ನು ಅಂಗಳದಲ್ಲೇ ತಡೆದರು. ಒಳಗಿನಿಂದ ಮಾಸ್ತರೇ ಕೂಗಿ ಕರೆಸಿಕೊಂಡರು. ಮಂಚದ ಪಕ್ಕ ನಿಂತು ಒಂದೇ ಉಸಿರಿಗೆ ಹೇಳಿದೆ:

"ಹುಳ ತಾನಾಗಿ ಹರೀಲಿಲ್ರಿ. ಸಿಟ್ಟಿಲೆ ನಾನೇ ಹರದೆ. ಆಮ್ಯಾಲ ಸುಳ್ಳು ಹೇಳ್ದೆ."

ಮಾಸ್ತರು ನನ್ನ ಕೈ ನೋಡಿದರು. "ಗೊತ್ತದ. ಹತ್ತು ದಿನ ಹೂವಿನಂಗ ಸುತ್ತಿದ ಕೈ, ಅವತ್ತು ಹೆಂಗ ಎಳೀತಂತ ನನ್ನ ಕಾಲಿಗೆ ತಿಳೀಲಿಲ್ಲೇನು? ನಿನ್ನ ಪ್ರಾರ್ಥನೀನೂ ದಿನಾ ಕೇಳೀನಿ. ಬರೇ ಬಾಯಿಪಾಠ. ಮಾಸ್ತರ್‌ಗೆ ಬಾಯಿಪಾಠ ಗುರ್ತಾಗಲ್ಲೇನು? ತನ್ನ ಹತ್ರ ಇಲ್ಲದ್ದು ಊರಿಗೆ ಹಂಚಾಕತ್ತಾನಲ್ಲ ಅಂತ ನನಗ ಉರೀತಿತ್ತು."

ನಾನು ಪಟ್ಟಿ ಬಿಚ್ಚಿ ಕಾಲು ನೋಡಿದೆ. "ಕೀವು ತೆಗೀಬೇಕ್ರಿ. ಕತ್ತಿ ಹಿಡಿಯೋ ಹುಕುಮ್ ನನಗಿಲ್ಲ. ಹೆಚ್ಚುಕಮ್ಮಿ ಆದ್ರ ಕಾಲು ಹೋಗ್ತದ. ಹಿಂಗೇ ಬಿಟ್ರ ಜೀವಾನೇ ಹೋಗ್ತದ," ಎಂದೆ.

"ಈಗ ಖರೇ ಹೇಳಾಕತ್ತಿ. ಕೊಯ್ಯಿ," ಎಂದರು.

ಕೊಯ್ಯುವ ಮುಂಚೆ ಕಣ್ಣು ಮುಚ್ಚಿದೆ. 'ನಿನ್ನ ಮೇಲೆ ನನಗೆ ಸಿಟ್ಟಿದೆ. ನನ್ನ ಮಗಳನ್ನು ಉಳಿಸಿ ಕೊಡಲಿಲ್ಲ ನೀನು. ಈ ಕಾಲನ್ನು ಕೆಡಿಸಿದವನು ನಾನು. ಇದನ್ನಾದರೂ ಉಳಿಸು.' ವರ್ಷದ ಮೇಲೆ ನಾನು ನಿಜವಾಗಿ ಆಡಿದ ಪ್ರಾರ್ಥನೆ ಇಷ್ಟೇ. ಯಾವ ಬೆಳಕೂ ಕಾಣಲಿಲ್ಲ, ಯಾವ ಶಾಂತಿಯೂ ಬರಲಿಲ್ಲ. ಆದರೆ ಕೇಳುವವನೊಬ್ಬ ಇದ್ದಾನೆಂದು ತಿಳಿದೇ ಸಿಟ್ಟು ಮಾಡುತ್ತಿದ್ದೇನೆ ಎಂಬುದು ಆಗ ಹೊಳೆಯಿತು. ಇಲ್ಲದವನ ಮೇಲೆ ಯಾರೂ ವರ್ಷಗಟ್ಟಲೆ ಮುನಿಸಿಕೊಂಡಿರುವುದಿಲ್ಲ. ಹಿಮ್ಮಡಿಯ ಪಕ್ಕ ಎರಡಂಗುಲ ಕೊಯ್ದೆ. ಬಟ್ಟಲು ತುಂಬ ಕೀವು ಬಂತು, ಜೊತೆಗೆ ಕೊಳೆತ ನಾರಿನ ತುಂಡುಗಳೂ ಬಂದವು.

ಐದನೆಯ ದಿನ ಜ್ವರ ಇಳಿಯಿತು. ಕಾಲು ಉಳಿಯಿತು, ಪಾದದ ಕೀಲು ಮಾತ್ರ ಬಿಗಿದು ಅವರು ಕೊನೆಯ ತನಕ ಕುಂಟಿದರು. ನೌಕರಿ ಹೋಗಲಿಲ್ಲ.

ಇಲ್ಲಿಗೆ ನಾವಿಬ್ಬರೂ ಕೈ ಕೈ ಹಿಡಿದೆವೆಂದು ಓದುಗರು ತಿಳಿಯಬಾರದು. ಎದ್ದು ಕೂತ ಮಾಸ್ತರು ಮೊದಲು ಮಾಡಿದ ಕೆಲಸ ಡಾಕ್ಟರಮ್ಮನಿಗೆ ನನ್ನ ಮೇಲೆ ಆಗಿನ ಸರಕಾರಿ ಭಾಷೆಯಾದ ಉರ್ದುವಿನಲ್ಲಿ ಎರಡು ಪುಟದ ದೂರು ಬರೆದದ್ದು. ಡಾಕ್ಟರಮ್ಮ ಅದನ್ನು ಓದಿಸಿ ಕೇಳಿ, ಇದು ನಿಜವೇ ಎಂದರು. ಪ್ರತಿ ಅಕ್ಷರವೂ ನಿಜ ಎಂದೆ. ಆರು ತಿಂಗಳು ನನ್ನನ್ನು ಬಾಟಲಿ ತೊಳೆಯಲು ಹಾಕಿದರು. ಮತ್ತೆ ಪಡಸಾಲೆಗೆ ಕರೆದಾಗ ನಾನು ಬಾಯಿಪಾಠ ಬಿಟ್ಟೆ. ಮಗಳು ಸತ್ತಳು, ಯಾಕೆಂದು ನನಗಿನ್ನೂ ತಿಳಿದಿಲ್ಲ, ಆದರೂ ಕೇಳುತ್ತಿದ್ದೇನೆ ಎಂದು ಜನರ ಮುಂದೆಯೇ ಹೇಳಿ ಪ್ರಾರ್ಥಿಸಿದೆ. ಹೀಗೆಲ್ಲ ಹೇಳಿದರೆ ಸಭೆ ಕೆಡುತ್ತದೆ ಎಂದು ಪಾಸ್ಟರ್ ಸಿಡಿಮಿಡಿಗೊಂಡರು. ಕೆಡಲಿ ಎಂದೆ.

ಮಾಸ್ತರು ಆಮೇಲೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಸೇಡಂ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ನಾಲ್ಕು ವರ್ಷದ ಮೇಲೆ ಒಂದು ಬೆಳಗ್ಗೆ ಅವರ ಗಾಡಿ ಬಂತು. ಅದರಲ್ಲಿ ಅವರಿರಲಿಲ್ಲ, ಸೊಸೆಯೂ ಏಳು ವರ್ಷದ ಮೊಮ್ಮಗಳೂ ಇದ್ದರು. ಹುಡುಗಿಯ ಪಾದದಲ್ಲಿ ನಾರು ಎದ್ದಿತ್ತು. ಚಿತಾಪುರದಲ್ಲಿ ಸರಕಾರಿ ದವಾಖಾನೆ ಇತ್ತು, ಆದರೂ ಇಲ್ಲಿಗೆ ಬಂದಿದ್ದರು.

"ಮಾವನವರು ಹೇಳ್ಯಾರ್ರಿ, ಪ್ರಾರ್ಥನಿಗೆ ಕೂಡಿಸಬ್ಯಾಡ್ರಿ ಅಂತ," ಎಂದಳು ಸೊಸೆ. ತಲೆ ತಗ್ಗಿಸಿ ಮತ್ತೆ ಹೇಳಿದಳು: "ಕಡ್ಡಿ ಮಾತ್ರ ನೀವೇ ಹಿಡೀಬೇಕಂತ್ರಿ. ಬ್ಯಾರೆಯವರ ಕೈಗೆ ಕೊಡಬ್ಯಾಡ ಅಂದಾರ."

ಮೂವತ್ತೆರಡು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟ್ ಇದೊಂದೇ, ಕೊಟ್ಟದ್ದು ನನ್ನನ್ನು ಕಂಡರಾಗದವರು. ನನ್ನನ್ನು ಹೊಗಳಿದವರಿಂದ ನನ್ನ ವಿಶ್ವಾಸ ಒಂದಂಗುಲವೂ ಬೆಳೆದಿಲ್ಲ. ಅಂದು ಪ್ರಾರ್ಥನೆ ಮುಗಿಯುವ ತನಕ ಹುಡುಗಿಯನ್ನು ಗಾಡಿಯಲ್ಲೇ ಕೂರಿಸಿದೆ. ಆಮೇಲೆ ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ರೂತಳ ಪಾದದಷ್ಟೇ ಇತ್ತು. ಕಣ್ಣು ಮಂಜಾದದ್ದರಿಂದ ಒರೆಸಿಕೊಂಡು, ಆ ದಿನ ಅರ್ಧ ಅಂಗುಲ ಮಾತ್ರ ಸುತ್ತಿದೆ.